ಏಳು ವರ್ಷದಲ್ಲಿ ಐದು ಕಪ್, ಆಮೇಲೆ ಬರ: ಎಡ್ಮಂಟನ್ ಆಯಿಲರ್ಸ್ ತಂಡದ ಒಳಲೆಕ್ಕ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ರಾಜಧಾನಿ ಎಡ್ಮಂಟನ್. ಅದರ ದಕ್ಷಿಣಕ್ಕಿರುವ ಲೆಡುಕ್ ಬಳಿ 1947ರ ಫೆಬ್ರುವರಿಯಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿತು, ಊರಿನ ದೆಸೆಯೇ ಬದಲಾಯಿತು. ಅಲ್ಲಿನ ಐಸ್ ಹಾಕಿ ತಂಡಕ್ಕೆ ಆಯಿಲರ್ಸ್ ಎಂಬ ಹೆಸರು ಬಂದದ್ದು ಆ ಎಣ್ಣೆಯಿಂದಲೇ. ಈ ತಂಡಕ್ಕೆ ತನ್ನ ಕಾಲದ ಅತ್ಯುತ್ತಮ ಆಟಗಾರ ಎರಡು ಸಲ ಸಿಕ್ಕಿದ್ದಾನೆ. 1978ರಲ್ಲಿ ವೇಯ್ನ್ ಗ್ರೆಟ್ಸ್ಕಿ, 2015ರಲ್ಲಿ ಕಾನರ್ ಮೆಕ್‌ಡೇವಿಡ್. ಮೊದಲನೆಯವರಿದ್ದಾಗ ತಂಡ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಅನ್ನು ನಾಲ್ಕು ಸಲ ಗೆದ್ದಿತು, ಅವರು ಹೋದ ಮೇಲೂ ಒಂದು ಗೆದ್ದಿತು. ಎರಡನೆಯವರು 2025ರವರೆಗೆ ಹತ್ತು ಸೀಸನ್ ಆಡಿದರು. ಎರಡು ಫೈನಲ್ ತಲುಪಿದರು, ಎರಡರಲ್ಲೂ ಸೋತರು.

ಗ್ರೆಟ್ಸ್ಕಿ ದೊಡ್ಡವರು, ಮೆಕ್‌ಡೇವಿಡ್ ಅಷ್ಟಿಲ್ಲ ಎಂದು ಸುಲಭವಾಗಿ ಹೇಳಿಬಿಡುವವರಿದ್ದಾರೆ. ಅದು ತಪ್ಪು. ಸ್ಕೇಟಿಂಗ್ ವೇಗದಲ್ಲಿ, ಆ ವೇಗದಲ್ಲೇ ಪಕ್ ಮೇಲಿನ ಹಿಡಿತದಲ್ಲಿ ಮೆಕ್‌ಡೇವಿಡ್‌ಗೆ ಸರಿಸಾಟಿಯಾದವರು ಈ ಆಟದಲ್ಲಿ ಬಂದೇ ಇಲ್ಲ. ವ್ಯತ್ಯಾಸ ಇರುವುದು ತಂಡ ಕಟ್ಟುವ ನಿಯಮಗಳಲ್ಲಿ: ಆಟಗಾರರನ್ನು ಹೇಗೆ ಆರಿಸಿಕೊಳ್ಳಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು, ಒಟ್ಟು ಎಷ್ಟು ಸಂಬಳ ಕೊಡಬಹುದು ಎಂಬಲ್ಲಿ. ಆಯಿಲರ್ಸ್ ಚರಿತ್ರೆಯನ್ನು ಹೀಗೆ ಓದಿದರೆ ಇಡೀ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್ ಹೇಗೆ ನಡೆಯುತ್ತದೆ ಎಂಬುದೂ ತಿಳಿಯುತ್ತದೆ.

ಮೊದಲು ಆಟದ ಬಗ್ಗೆ ಸ್ವಲ್ಪ

ಎನ್‌ಎಚ್‌ಎಲ್ ಅಂಕಣ 200 ಅಡಿ ಉದ್ದ, 85 ಅಡಿ ಅಗಲ. ಸುತ್ತಲೂ ಗೋಡೆಯಂಥ ಹಲಗೆ, ಅದರ ಮೇಲೆ ಗಾಜು. ಚೆಂಡಿನ ಬದಲು ಗಟ್ಟಿ ರಬ್ಬರಿನ ಪಕ್: 3 ಇಂಚು ವ್ಯಾಸ, 1 ಇಂಚು ದಪ್ಪ, ತೂಕ ಸುಮಾರು 160 ಗ್ರಾಂ. ಮಂಜಿನ ಮೇಲೆ ಪುಟಿಯದೆ ಜಾರಲಿ ಎಂದು ಅದನ್ನು ಆಟಕ್ಕೆ ಮೊದಲೇ ಫ್ರೀಜರಿನಲ್ಲಿಟ್ಟು ತಣ್ಣಗಾಗಿಸಿರುತ್ತಾರೆ. ಒಂದು ಹೊತ್ತಿಗೆ ಮಂಜಿನ ಮೇಲೆ ಗೋಲ್‌ಕೀಪರ್ ಸೇರಿ ತಂಡಕ್ಕೆ ಆರು ಮಂದಿ. 20 ನಿಮಿಷದ ಮೂರು ಅವಧಿ.

ಮೈದಾನದ ಹಾಕಿ ನೋಡಿ ಬೆಳೆದ ನಮಗೆ ಎರಡು ಸಂಗತಿ ಹೊಸದು. ಒಂದು, ಆಟಗಾರರ ಬದಲಾವಣೆಯ ಓಟ. ಪೂರ್ಣ ವೇಗದ ಸ್ಕೇಟಿಂಗ್ ಕಾಲಿನ ಕಸುವನ್ನು ಬೇಗ ಹೀರಿಬಿಡುತ್ತದೆ. ಹಾಗಾಗಿ ಒಬ್ಬ ಆಟಗಾರ ಸುಮಾರು 45 ಸೆಕೆಂಡು ಆಡಿ ಬೆಂಚಿಗೆ ಮರಳುತ್ತಾನೆ, ಮತ್ತೊಬ್ಬ ಜಿಗಿಯುತ್ತಾನೆ. ಪಂದ್ಯಕ್ಕೆ 18 ಆಟಗಾರರು, ಇಬ್ಬರು ಗೋಲ್‌ಕೀಪರುಗಳು ಸಜ್ಜಾಗಿರುತ್ತಾರೆ: ಮೂವರು ಫಾರ್ವರ್ಡ್‌ಗಳ ನಾಲ್ಕು ಸಾಲು, ಇಬ್ಬರು ಡಿಫೆಂಡರ್‌ಗಳ ಮೂರು ಜೋಡಿ. ಮೆಕ್‌ಡೇವಿಡ್‌ರಂಥವರು ಕೂಡ 60 ನಿಮಿಷದಲ್ಲಿ ಮಂಜಿನ ಮೇಲಿರುವುದು ಸುಮಾರು 22 ನಿಮಿಷ. ಉಳಿದ 38 ನಿಮಿಷ ಯಾರು ಆಡುತ್ತಾರೆ? ಈ ಪ್ರಶ್ನೆಯನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಎರಡು, ಗೋಲಿನ ಹಿಂದಿನ ಜಾಗ. ಐಸ್ ಹಾಕಿಯಲ್ಲಿ ಗೋಲುಗೆರೆ ಅಂಕಣದ ಅಂಚಲ್ಲ. ಬಲೆಯ ಹಿಂದೆ ಸುಮಾರು ಮೂರು ಮೀಟರ್ ಜಾಗ ಇರುತ್ತದೆ, ಅಲ್ಲೂ ಆಟ ನಡೆಯುತ್ತದೆ. ಆಯಿಲರ್ಸ್‌ನ ಅತಿ ದೊಡ್ಡ ಅಸ್ತ್ರ ಹುಟ್ಟಿದ್ದು ಅಲ್ಲಿ. ಅತಿ ದೊಡ್ಡ ದುಃಖವೂ ಅಲ್ಲಿಂದಲೇ ಬಂತು.

ಅಂಕಿಗಳಲ್ಲಿ ಬರುವ ‘ಪಾಯಿಂಟ್’ ಬಗ್ಗೆಯೂ ಒಂದು ಮಾತು. ಗೋಲು ಹೊಡೆದವರಿಗೆ ಒಂದು ಪಾಯಿಂಟ್, ಆ ಗೋಲಿಗೆ ಮುಂಚೆ ಪಾಸ್ ಕೊಟ್ಟ ಇಬ್ಬರವರೆಗೆ ತಲಾ ಒಂದು ಪಾಯಿಂಟ್. ಪಾಸ್ ಕೊಟ್ಟದ್ದು ಅಸಿಸ್ಟ್.

ಬಂಡಾಯದ ಲೀಗಿನಲ್ಲಿ ಹುಟ್ಟಿದ ತಂಡ

ಆಯಿಲರ್ಸ್ ಹುಟ್ಟಿದ್ದು ಎನ್‌ಎಚ್‌ಎಲ್‌ನಲ್ಲಲ್ಲ. 1972ರಲ್ಲಿ ಅದಕ್ಕೆ ಸಡ್ಡು ಹೊಡೆದು ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಹೊಸ ಲೀಗ್ ಶುರುವಾಯಿತು. ಬಿಲ್ ಹಂಟರ್ ಅದರಲ್ಲಿ ‘ಆಲ್ಬರ್ಟಾ ಆಯಿಲರ್ಸ್’ ಕಟ್ಟಿದರು. ಮರುವರ್ಷ ಅದು ಎಡ್ಮಂಟನ್ ಆಯಿಲರ್ಸ್ ಆಯಿತು. ಈ ಬಂಡಾಯದ ಲೀಗ್ ಹಣಕಾಸಿನಲ್ಲಿ ಬಡಕಲಾಗಿತ್ತು. ತಂಡಗಳು ಹುಟ್ಟುತ್ತಿದ್ದವು, ಮುಳುಗುತ್ತಿದ್ದವು. ಆದರೆ ಎನ್‌ಎಚ್‌ಎಲ್ ಮಾಡದ ಎರಡು ಕೆಲಸ ಅದು ಮಾಡಿತು. ಸ್ವೀಡನ್, ಫಿನ್‌ಲೆಂಡ್‌ಗಳಿಂದ ಧಾರಾಳವಾಗಿ ಆಟಗಾರರನ್ನು ಕರೆತಂದಿತು. ಮತ್ತು 20 ವರ್ಷ ತುಂಬದ ಹುಡುಗರಿಗೂ ಬಾಗಿಲು ತೆರೆಯಿತು. ಎನ್‌ಎಚ್‌ಎಲ್ ಆಗ 20 ತುಂಬದವರನ್ನು ತೆಗೆದುಕೊಳ್ಳುತ್ತಿರಲಿಲ್ಲ.

ಹಾಗಾಗಿಯೇ 17ರ ಗ್ರೆಟ್ಸ್ಕಿ 1978ರಲ್ಲಿ ಇಂಡಿಯಾನಾಪೊಲಿಸ್ ರೇಸರ್ಸ್ ಸೇರಿದರು. ಆ ತಂಡದ ಮಾಲೀಕ ನೆಲ್ಸನ್ ಸ್ಕಲ್ಬಾನಿಯಾ ಕೈ ಸೋತಿದ್ದರು. ಅದೇ ನವೆಂಬರಿನಲ್ಲಿ ಗ್ರೆಟ್ಸ್ಕಿಯವರನ್ನು ಇನ್ನಿಬ್ಬರ ಜೊತೆ ಎಡ್ಮಂಟನ್‌ನ ಮಾಲೀಕ ಪೀಟರ್ ಪಾಕ್ಲಿಂಗ್ಟನ್‌ಗೆ ಮಾರಿದರು. 1979ರ ಜನವರಿ 26, ಗ್ರೆಟ್ಸ್ಕಿಗೆ 18 ತುಂಬಿದ ದಿನ, ಪಾಕ್ಲಿಂಗ್ಟನ್ ಅವರಿಂದ 21 ವರ್ಷದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು, ಅದೂ ಅಂಕಣದ ನಡುಮಧ್ಯೆ, ತುಂಬಿದ ಸಭೆಯ ಎದುರಿಗೆ.

ಈ ಒಪ್ಪಂದದ ಸ್ವರೂಪವೇ ಮುಂದಿನ ಎಲ್ಲಕ್ಕೂ ಕೀಲಿ. ಅದು ಆಟಗಾರನಿಗೂ ಲೀಗಿಗೂ ನಡುವಿನ ಮಾಮೂಲಿ ಕರಾರಲ್ಲ. ಮಾಲೀಕರ ಜೊತೆ ನೇರವಾಗಿ ಮಾಡಿಕೊಂಡ ವೈಯಕ್ತಿಕ ಸೇವೆಯ ಕರಾರು. ಕೆಲವೇ ತಿಂಗಳಲ್ಲಿ ಬಂಡಾಯದ ಲೀಗ್ ಮುಚ್ಚಿತು. ಎಡ್ಮಂಟನ್, ವಿನಿಪೆಗ್, ಕ್ವಿಬೆಕ್, ಹಾರ್ಟ್‌ಫರ್ಡ್ ತಂಡಗಳು ಮಾತ್ರ ಎನ್‌ಎಚ್‌ಎಲ್‌ಗೆ ಸೇರಿದವು. ಸೇರುವಾಗ ಷರತ್ತು ಕಠಿಣ: ಹಳೆಯ ತಂಡಗಳು ತಮ್ಮ ಹಕ್ಕಿನ ಆಟಗಾರರನ್ನು ಮರಳಿ ಪಡೆಯಬಹುದು, ಹೊಸಬರು ಇಬ್ಬರು ಗೋಲ್‌ಕೀಪರ್, ಇಬ್ಬರು ಆಟಗಾರರನ್ನಷ್ಟೇ ಉಳಿಸಿಕೊಳ್ಳಬಹುದು. ಮಾಮೂಲಿ ಲೆಕ್ಕದಲ್ಲಿ ಗ್ರೆಟ್ಸ್ಕಿ ಎಲ್ಲ ತಂಡಗಳಿಗೂ ತೆರೆದ ಆಯ್ಕೆಗೆ ಹೋಗಬೇಕಿತ್ತು. ಆದರೆ ಆ ಕರಾರನ್ನು ಮುರಿಯಲು ಲೀಗಿಗೆ ದಾರಿ ಇರಲಿಲ್ಲ. ಆ ಒಂದು ಸಹಿ ಇಲ್ಲದಿದ್ದರೆ ಆಯಿಲರ್ಸ್ ಚರಿತ್ರೆ ಬೇರೆಯೇ ಆಗುತ್ತಿತ್ತು.

69ನೇ ಆಯ್ಕೆ, ಎರಡು ಸಲ

ಡ್ರಾಫ್ಟ್ ಅಂದರೆ ವರ್ಷಕ್ಕೊಮ್ಮೆ ತಂಡಗಳು ಸರದಿಯಂತೆ ಎಳೆಯ ಆಟಗಾರರ ಮೇಲೆ ಹಕ್ಕು ಪಡೆಯುವ ವ್ಯವಸ್ಥೆ. ಹಿಂದಿನ ವರ್ಷ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. 1979ರಲ್ಲಿ ಹೊಸದಾಗಿ ಬಂದ ನಾಲ್ಕು ತಂಡಗಳನ್ನು ಪ್ರತಿ ಸುತ್ತಿನ ಕೊನೆಗೆ ತಳ್ಳಲಾಯಿತು. ಆ ಕೊನೆಯ ಸಾಲಿನಲ್ಲಿ ನಿಂತೂ ಎಡ್ಮಂಟನ್‌ನ ಮುಖ್ಯ ಸ್ಕೌಟ್, ಅಂದರೆ ಎಳೆಯ ಪ್ರತಿಭೆ ಹುಡುಕುವ ಬ್ಯಾರಿ ಫ್ರೇಸರ್ ಆರಿಸಿದ ಹೆಸರುಗಳನ್ನು ನೋಡಿ: 21ನೇ ಆಯ್ಕೆ ಕೆವಿನ್ ಲೋ, 48ನೇ ಆಯ್ಕೆ ಮಾರ್ಕ್ ಮೆಸ್ಸಿಯೆ, 69ನೇ ಆಯ್ಕೆ ಗ್ಲೆನ್ ಆ್ಯಂಡರ್ಸನ್. ಮೆಸ್ಸಿಯೆ ಹಿಂದಿನ ವರ್ಷ ಬಂಡಾಯದ ಲೀಗಿನಲ್ಲಿ 52 ಪಂದ್ಯ ಆಡಿ ಹೊಡೆದದ್ದು ಒಂದೇ ಗೋಲು. ಅಂಕಿ ನೋಡಿದವರು ಬಿಟ್ಟರು. ಅವರ ಮೈಕಟ್ಟು, ಸ್ಕೇಟಿಂಗ್, ಎದುರಾಳಿಯನ್ನು ಹೆದರಿಸುವ ಛಲ ನೋಡಿದವರು ತೆಗೆದುಕೊಂಡರು.

1980ರಲ್ಲಿ ಆರನೇ ಆಯ್ಕೆಯಾಗಿ ಡಿಫೆಂಡರ್ ಪಾಲ್ ಕಾಫಿ ಬಂದರು. ಅದೇ ವರ್ಷ, ಮತ್ತೆ 69ನೇ ಆಯ್ಕೆಯಲ್ಲಿ, ಫಿನ್‌ಲೆಂಡಿನ ಯಾರಿ ಕುರ್ರಿ. ಕುರ್ರಿ ತಮ್ಮೂರಿನ ಕ್ಲಬ್ಬಿನ ಕರಾರಿನಲ್ಲಿದ್ದಾರೆ, ಸದ್ಯಕ್ಕೆ ಬರಲಾರರು ಎಂದು ಬೇರೆ ತಂಡಗಳು ನಂಬಿದ್ದರಿಂದ ಅಷ್ಟು ಕೆಳಗೆ ಉಳಿದಿದ್ದರು. 132ನೇ ಆಯ್ಕೆ ಗೋಲ್‌ಕೀಪರ್ ಆ್ಯಂಡಿ ಮೂಗ್. 1981ರಲ್ಲಿ ಎಂಟನೇ ಆಯ್ಕೆ ಗೋಲ್‌ಕೀಪರ್ ಗ್ರ್ಯಾಂಟ್ ಫ್ಯೂರ್. ಸ್ಟ್ಯಾನ್ಲಿ ಕಪ್ ಮೇಲೆ ಹೆಸರು ಕೆತ್ತಿಸಿಕೊಂಡ ಮೊದಲ ಕಪ್ಪು ಆಟಗಾರ ಮುಂದೆ ಅವರೇ ಆದರು. ಮೂರು ಬೇಸಿಗೆಯಲ್ಲಿ ಆರಿಸಿದ ಲೋ, ಮೆಸ್ಸಿಯೆ, ಆ್ಯಂಡರ್ಸನ್, ಕಾಫಿ, ಕುರ್ರಿ, ಫ್ಯೂರ್ ಆರೂ ಮಂದಿ ಹಾಲ್ ಆಫ್ ಫೇಮ್ ಸೇರಿದ್ದಾರೆ. ಇಂಥ ಫಸಲು ಬೇರೆ ಯಾವ ತಂಡಕ್ಕೂ ಸಿಕ್ಕಿದ್ದಿಲ್ಲ.

ಇಷ್ಟು ಜನರನ್ನು ಆರಿಸುವುದು ಅರ್ಧ ಕೆಲಸ. ಅವರನ್ನು ಒಟ್ಟಿಗೆ ಇಟ್ಟುಕೊಳ್ಳುವುದು ಇನ್ನರ್ಧ. ಆಗ ತಂಡದ ಒಟ್ಟು ಸಂಬಳಕ್ಕೆ ಮಿತಿ ಇರಲಿಲ್ಲ. ಕರಾರು ಮುಗಿದರೂ ಆಟಗಾರ ಸುಲಭವಾಗಿ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ಕರೆದುಕೊಂಡ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕಿತ್ತು. ಯಾರಿಗೆ ಎಷ್ಟು ಸಂಬಳ ಎಂಬುದೂ 1990ರ ಹೊತ್ತಿನವರೆಗೆ ಬಹಿರಂಗವಾಗಿರಲಿಲ್ಲ, ಹಾಗಾಗಿ ಚೌಕಾಸಿಯ ಬಲ ಪೂರಾ ಮಾಲೀಕರ ಕಡೆಗಿತ್ತು. ಆಟಗಾರರಿಗೆ ಅನ್ಯಾಯದ ಕಾಲ ಅದು, ಆದರೆ ಒಳ್ಳೆಯ ಆಟಗಾರರನ್ನು ಸಾಕಿಕೊಂಡ ತಂಡಕ್ಕೆ ಸುಗ್ಗಿ.

400 ಗೋಲಿನ ತಂಡ

ಕೋಚ್ ಗ್ಲೆನ್ ಸೇದರ್ ಬಂಡಾಯದ ಲೀಗಿನಲ್ಲಿ ವಿನಿಪೆಗ್ ಜೆಟ್ಸ್ ತಂಡದ ಸ್ವೀಡಿಷ್ ಆಟಗಾರರನ್ನು ಹತ್ತಿರದಿಂದ ನೋಡಿದ್ದರು. ಆಗಿನ ಎನ್‌ಎಚ್‌ಎಲ್‌ನಲ್ಲಿ ಫಾರ್ವರ್ಡ್ ತನ್ನ ಪಟ್ಟೆಯಲ್ಲೇ ನೇರ ಮೇಲೆ ಕೆಳಗೆ ಓಡುವುದು ರೂಢಿ. ಸ್ವೀಡಿಷರು ಪಟ್ಟೆ ಬದಲಿಸುತ್ತ, ಒಬ್ಬರನ್ನೊಬ್ಬರು ದಾಟುತ್ತ ಪಾಸ್ ಮಾಡುತ್ತಿದ್ದರು. ಸೇದರ್ ಅದನ್ನೇ ತಂದರು. ಡಿಫೆಂಡರ್ ಕಾಫಿಗೂ ಮುಂದಕ್ಕೆ ನುಗ್ಗುವ ಸ್ವಾತಂತ್ರ್ಯ ಕೊಟ್ಟರು. 1985–86ರಲ್ಲಿ ಕಾಫಿ ಹೊಡೆದ 48 ಗೋಲು ಡಿಫೆಂಡರ್‌ಗಳ ಮಟ್ಟಿಗೆ ಇಂದಿಗೂ ದಾಖಲೆ.

ಗ್ರೆಟ್ಸ್ಕಿ ನಿಲ್ಲುತ್ತಿದ್ದದ್ದು ಬಲೆಯ ಹಿಂದೆ. ಆ ಜಾಗಕ್ಕೆ ‘ಗ್ರೆಟ್ಸ್ಕಿ ಆಫೀಸು’ ಎಂದೇ ಹೆಸರು ಬಿತ್ತು. ಅದರ ತರ್ಕ ಸರಳ. ಪಕ್ ಬಲೆಯ ಹಿಂದಿದ್ದರೆ ಗೋಲ್‌ಕೀಪರ್ ಕತ್ತು ತಿರುಗಿಸಿ ನೋಡಬೇಕು. ಎಡದಿಂದ ಬರುತ್ತದೋ ಬಲದಿಂದಲೋ ಗೊತ್ತಾಗದು. ಡಿಫೆಂಡರ್ ಹಿಂದೆ ಹೋಗಿ ಅಡ್ಡಗಟ್ಟಿದರೆ ಬಲೆಯ ಮುಂದೆ ಒಬ್ಬ ಆಟಗಾರ ಒಂಟಿಯಾಗಿ ಉಳಿಯುತ್ತಾನೆ, ಗ್ರೆಟ್ಸ್ಕಿ ಅವನಿಗೆ ಪಾಸ್ ಕೊಡುತ್ತಾರೆ. ಹೋಗದಿದ್ದರೆ ಗ್ರೆಟ್ಸ್ಕಿಗೆ ಯೋಚಿಸಲು ಸಮಯ ಸಿಗುತ್ತದೆ. ಎರಡೂ ದಾರಿಯಲ್ಲಿ ನಷ್ಟ ಎದುರಾಳಿಯದೇ. ಪಾಸ್ ಪಡೆಯಲು ಕುರ್ರಿ ಸರಿಯಾದ ಜಾಗದಲ್ಲಿರುತ್ತಿದ್ದರು. 1984–85ರಲ್ಲಿ ಅವರು 71 ಗೋಲು ಹೊಡೆದರು.

ಫಲ ಅಂಕಿಗಳಲ್ಲಿದೆ. 1981–82ರಲ್ಲಿ ಗ್ರೆಟ್ಸ್ಕಿ 92 ಗೋಲು, ಅದರಲ್ಲಿ ಮೊದಲ 50 ಕೇವಲ 39 ಪಂದ್ಯಗಳಲ್ಲಿ. 1985–86ರಲ್ಲಿ 215 ಪಾಯಿಂಟ್, ಅದರಲ್ಲಿ 163 ಅಸಿಸ್ಟ್. ಅವರ ವೃತ್ತಿಜೀವನದ 894 ಗೋಲಿನ ದಾಖಲೆಯನ್ನು 2025ರ ಏಪ್ರಿಲ್‌ನಲ್ಲಿ ಅಲೆಕ್ಸಾಂಡರ್ ಒವೆಚ್‌ಕಿನ್ ಮುರಿದರು. ಆದರೆ ಗ್ರೆಟ್ಸ್ಕಿಯ 1,963 ಅಸಿಸ್ಟ್‌ಗಳನ್ನಷ್ಟೇ ಎಣಿಸಿದರೂ ಬೇರೆ ಯಾವ ಆಟಗಾರನ ಒಟ್ಟು ಪಾಯಿಂಟ್‌ಗಿಂತ ಅದು ಹೆಚ್ಚು. ತಂಡವಾಗಿ ಆಯಿಲರ್ಸ್ 1981–82ರಿಂದ ಸತತ ಐದು ಸೀಸನ್ 400 ಗೋಲು ದಾಟಿತು. ಬೇರೆ ಯಾವ ತಂಡವೂ ಒಮ್ಮೆಯೂ ಅದನ್ನು ಮಾಡಿಲ್ಲ. 1983–84ರಲ್ಲಿ 80 ಪಂದ್ಯಕ್ಕೆ 446 ಗೋಲು. ಅದೇ ವರ್ಷ ಬಿಟ್ಟುಕೊಟ್ಟದ್ದೂ ಕಡಿಮೆಯಿಲ್ಲ, 314.

ಈ ತಂಡಕ್ಕೆ ಹೆದರಿ ಲೀಗ್ ನಿಯಮವನ್ನೇ ತಿದ್ದಿತು ಎಂಬ ಮಾತಿದೆ, ಅದರಲ್ಲಿ ಹುರುಳೂ ಇದೆ. ಎರಡೂ ಕಡೆ ಒಬ್ಬೊಬ್ಬ ಆಟಗಾರ ಒಟ್ಟಿಗೆ ಶಿಕ್ಷೆಗೆ ಒಳಗಾಗಿ ಹೊರಗೆ ಕೂತರೆ ಆಗ, ಗೋಲ್‌ಕೀಪರ್ ಬಿಟ್ಟು, ನಾಲ್ವರ ಎದುರು ನಾಲ್ವರು ಆಡಬೇಕಿತ್ತು. ಜಾಗ ಹೆಚ್ಚಾದಷ್ಟೂ ಎಡ್ಮಂಟನ್‌ನ ವೇಗಕ್ಕೆ ಹಬ್ಬ. 1985ರಲ್ಲಿ ಇಬ್ಬರಿಗೂ ಬದಲಿ ಆಟಗಾರರನ್ನು ಇಳಿಸಲು ಅವಕಾಶ ಕೊಟ್ಟು ಐವರ ಆಟವನ್ನೇ ಉಳಿಸಲಾಯಿತು. ಗ್ರೆಟ್ಸ್ಕಿ ಎಡ್ಮಂಟನ್ ಬಿಟ್ಟ ಎಷ್ಟೋ ಕಾಲದ ನಂತರ, 1992–93ರಲ್ಲಿ, ಹಳೆಯ ನಿಯಮ ಮರಳಿತು.

ಆದರೂ ಗೋಲಿನ ಮಳೆಯಿಂದ ಮಾತ್ರ ಕಪ್ ಬರುವುದಿಲ್ಲ. 1982ರಲ್ಲಿ ಲಾಸ್ ಏಂಜಲಿಸ್ ಎದುರು 5–0 ಮುಂದಿದ್ದ ಪಂದ್ಯವನ್ನೇ 6–5ರಲ್ಲಿ ಕಳೆದುಕೊಂಡರು. 1983ರ ಫೈನಲ್‌ನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಎದುರು 4–0 ಸೋಲು (ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಜಯ). ಅಂದು ಹೊರಗೆ ಹೋಗುವಾಗ ಗೆದ್ದವರ ಕೋಣೆ ದಾಟಬೇಕಾಯಿತು. ಸಂಭ್ರಮ ನಡೆದಿರುತ್ತದೆ ಎಂದುಕೊಂಡರೆ, ಐಲ್ಯಾಂಡರ್ಸ್ ಆಟಗಾರರು ಮಂಡಿಗೆ, ಭುಜಕ್ಕೆ ಐಸ್ ಕಟ್ಟಿಕೊಂಡು ಕೂತಿದ್ದರು. ಗೆಲ್ಲಲು ಮೈಯನ್ನು ಎಷ್ಟು ಒಡ್ಡಬೇಕು ಎಂಬುದು ಆ ನೋಟದಿಂದ ತಿಳಿಯಿತೆಂದು ಗ್ರೆಟ್ಸ್ಕಿ ಮುಂದೆ ಹಲವು ಸಲ ಹೇಳಿದ್ದಾರೆ. ಮರುವರ್ಷ, 1984ರ ಮೇ 19ರಂದು, ಅದೇ ಐಲ್ಯಾಂಡರ್ಸ್ ತಂಡವನ್ನು 4–1ರಲ್ಲಿ ಸೋಲಿಸಿ ಮೊದಲ ಕಪ್ ಎತ್ತಿದರು. 1985ರಲ್ಲಿ ಫಿಲಡೆಲ್ಫಿಯಾ ಎದುರು ಎರಡನೆಯದು.

1986ರಲ್ಲಿ ಬಲೆಯ ಹಿಂದಿನ ಆ ಜಾಗ ಕೈಕೊಟ್ಟಿತು. ನೆರೆಯ ಕ್ಯಾಲ್ಗರಿ ಫ್ಲೇಮ್ಸ್ ಎದುರು ಏಳನೇ ಪಂದ್ಯ, ಮೂರನೇ ಅವಧಿ, 2–2. ಡಿಫೆಂಡರ್ ಸ್ಟೀವ್ ಸ್ಮಿತ್ ತಮ್ಮದೇ ಬಲೆಯ ಪಕ್ಕದಿಂದ ಅಡ್ಡ ಪಾಸ್ ಕೊಟ್ಟರು. ಪಕ್ ಫ್ಯೂರ್ ಕಾಲಿನ ಹಿಂಬದಿಗೆ ಬಡಿದು ಒಳಗೆ ಹೋಯಿತು. ಎನ್‌ಎಚ್‌ಎಲ್ ದಾಖಲೆಯಲ್ಲಿ ‘ಸ್ವಂತ ಗೋಲು’ ಎಂಬುದಿಲ್ಲ. ಎದುರಾಳಿಗಳಲ್ಲಿ ಕೊನೆಗೆ ಪಕ್ ಮುಟ್ಟಿದವರ ಹೆಸರಿಗೆ ಬರೆಯುತ್ತಾರೆ. ಪುಸ್ತಕದಲ್ಲಿ ಅದು ಪೆರಿ ಬೆರೆಜಾನ್ ಗೋಲು. ಸ್ಮಿತ್‌ಗೆ ಅಂದು 23ನೇ ಹುಟ್ಟುಹಬ್ಬ. ಮಂಜಿನ ಮೇಲೆ ಬಿದ್ದು ಅತ್ತರು. ಮರುವರ್ಷ ಫಿಲಡೆಲ್ಫಿಯಾವನ್ನು ಏಳು ಪಂದ್ಯಗಳಲ್ಲಿ ಮಣಿಸಿದಾಗ ನಾಯಕ ಗ್ರೆಟ್ಸ್ಕಿ ಕಪ್ ಎತ್ತಿ ಮೊದಲು ಕೊಟ್ಟದ್ದು ಸ್ಮಿತ್ ಕೈಗೆ. ಈ ತಂಡದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕ್ಷಣ ಇನ್ನೊಂದಿಲ್ಲ. 1988ರಲ್ಲಿ ಬಾಸ್ಟನ್ ಎದುರು ನಾಲ್ಕನೇ ಕಪ್ ಬಂತು.

ಆಗಸ್ಟ್ 9, 1988

ಆ ಕಪ್ ಗೆದ್ದು ಮೂರು ತಿಂಗಳೂ ಆಗಿರಲಿಲ್ಲ, ಪಾಕ್ಲಿಂಗ್ಟನ್ ಗ್ರೆಟ್ಸ್ಕಿಯವರನ್ನು ಲಾಸ್ ಏಂಜಲಿಸ್ ಕಿಂಗ್ಸ್‌ಗೆ ಕೊಟ್ಟರು. ಜೊತೆಗೆ ಮಾರ್ಟಿ ಮೆಕ್‌ಸೋರ್ಲಿ, ಮೈಕ್ ಕ್ರುಶೆಲ್ನಿಸ್ಕಿ. ಬದಲಿಗೆ ಬಂದದ್ದು ಜಿಮ್ಮಿ ಕಾರ್ಸನ್, ಮಾರ್ಟಿನ್ ಜೆಲಿನಾ, 1989, 1991, 1993ರ ಮೊದಲ ಸುತ್ತಿನ ಆಯ್ಕೆಗಳು, ಮತ್ತು 1.5 ಕೋಟಿ ಅಮೆರಿಕನ್ ಡಾಲರ್. ಮಾಲೀಕರಿಗೆ ಬೇಕಾಗಿದ್ದದ್ದು ಕೊನೆಯದು. ಕೆನಡಾದ ಸಂಸದ ನೆಲ್ಸನ್ ರೀಸ್ ಸರ್ಕಾರವೇ ಈ ವ್ಯವಹಾರವನ್ನು ತಡೆಯಬೇಕೆಂದು ಕೇಳಿದರು. ಏನೂ ನಡೆಯಲಿಲ್ಲ.

ಮಾರಾಟದಿಂದ ಎಡ್ಮಂಟನ್‌ಗೆ ಆಟದ ಮಟ್ಟಿಗೆ ಏನೂ ಸಿಗಲಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಡ್ರಾಫ್ಟ್ ಆಯ್ಕೆಗಳಿಂದ ತಂಡ ಎತ್ತಿ ನಿಲ್ಲಿಸುವವರು ಸಿಗಲಿಲ್ಲ ನಿಜ. ಆದರೆ ಕಾರ್ಸನ್ ಎಡ್ಮಂಟನ್‌ನಲ್ಲಿ ಇರಲಾರೆ ಎಂದಾಗ ಅವರನ್ನು 1989ರ ನವೆಂಬರಿನಲ್ಲಿ ಡೆಟ್ರಾಯಿಟ್‌ಗೆ ಕೊಟ್ಟು ಆ್ಯಡಂ ಗ್ರೇವ್ಸ್, ಜೋ ಮರ್ಫಿ, ಪೆಟ್ರ್ ಕ್ಲಿಮಾ ಅವರನ್ನು ಪಡೆದರು. ಗ್ರೇವ್ಸ್, ಮರ್ಫಿ, ಜೆಲಿನಾ ಸೇರಿದ ಎಳೆಯರ ಸಾಲು 1990ರ ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಗೆ ಕಪ್‌ಗಾಗಿ ನಡೆಯುವ ಸರಣಿಗಳಲ್ಲಿ, ಹಿರಿಯರಿಗೆ ಹೆಗಲಾಯಿತು. ಬಾಸ್ಟನ್ ಎದುರಿನ ಫೈನಲ್‌ನ ಮೊದಲ ಪಂದ್ಯ ಮೂರನೇ ಹೆಚ್ಚುವರಿ ಅವಧಿಗೆ ಹೋಯಿತು, ಗೆಲುವಿನ ಗೋಲು ಕ್ಲಿಮಾದು. ಗೋಲ್‌ಕೀಪರ್ ಬಿಲ್ ರ‍್ಯಾನ್‌ಫರ್ಡ್ 1988ರಲ್ಲಿ ಮೂಗ್‌ರನ್ನು ಬಾಸ್ಟನ್‌ಗೆ ಕೊಟ್ಟು ತಂದವರು. ಈಗ ಎದುರು ಬಲೆಯಲ್ಲಿ ನಿಂತಿದ್ದವರು ಅದೇ ಮೂಗ್. ಮೆಸ್ಸಿಯೆ ನಾಯಕತ್ವದಲ್ಲಿ ಐದನೇ ಕಪ್ ಬಂತು, ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಕಾನ್ ಸ್ಮೈತ್ ಪ್ರಶಸ್ತಿ ರ‍್ಯಾನ್‌ಫರ್ಡ್‌ಗೆ.

ಆಮೇಲೆ ಮನೆ ಖಾಲಿಯಾಯಿತು. ಕಾಫಿ 1987ರಲ್ಲೇ ಹೋಗಿದ್ದರು. 1991ರಲ್ಲಿ ಫ್ಯೂರ್, ಆ್ಯಂಡರ್ಸನ್, ಮೆಸ್ಸಿಯೆ ಹೊರಟರು. 1994ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಕಪ್ ಗೆದ್ದಾಗ ಆ ತಂಡದಲ್ಲಿ ಹಳೆಯ ಆಯಿಲರ್ಸ್ ಏಳು ಮಂದಿ ಇದ್ದರು.

ಆಟಗಾರರು ಬದಲಾಗುತ್ತಿದ್ದರೂ ಬದಲಾಗದೆ ಉಳಿದ ಒಬ್ಬರ ಬಗ್ಗೆ ಹೇಳಲೇಬೇಕು. ಡೌನ್ ಸಿಂಡ್ರೋಮ್ ಇದ್ದ ಜೋಯಿ ಮಾಸ್ ಅವರನ್ನು ಗ್ರೆಟ್ಸ್ಕಿ 1980ರ ದಶಕದ ನಡುವೆ ತಂಡದ ಡ್ರೆಸ್ಸಿಂಗ್ ರೂಮಿನ ಸಹಾಯಕರಾಗಿ ತಂದರು. ಗ್ರೆಟ್ಸ್ಕಿ ಹೋದ ಮೇಲೂ ದಶಕಗಳ ಕಾಲ ಅವರು ಅಲ್ಲೇ ಇದ್ದರು. 2020ರಲ್ಲಿ ತೀರಿಕೊಂಡಾಗ ಎಡ್ಮಂಟನ್ ನಾಯಕನೊಬ್ಬನನ್ನು ಕಳೆದುಕೊಂಡಂತೆ ಮರುಗಿತು.

1990ರ ದಶಕದ ಕಷ್ಟ ಆಟದ್ದಲ್ಲ, ಕರೆನ್ಸಿಯದು. ಟಿಕೆಟ್ ಹಣ ಬರುವುದು ಕೆನಡಾ ಡಾಲರಿನಲ್ಲಿ, ಸಂಬಳ ಕೊಡುವುದು ಅಮೆರಿಕನ್ ಡಾಲರಿನಲ್ಲಿ. ಕೆನಡಾ ಡಾಲರ್ ಕುಸಿಯುತ್ತ 2002ರ ಆರಂಭಕ್ಕೆ 62 ಅಮೆರಿಕನ್ ಸೆಂಟ್‌ಗೆ ಇಳಿಯಿತು. 100 ಡಾಲರ್ ಸಂಬಳಕ್ಕೆ ಸುಮಾರು 160 ಡಾಲರ್ ದುಡಿಯಬೇಕು. ಸಂಬಳದ ಮಿತಿ ಇಲ್ಲದ ಲೀಗಿನಲ್ಲಿ ನ್ಯೂಯಾರ್ಕ್, ಡೆಟ್ರಾಯಿಟ್ ಜೊತೆ ಪೈಪೋಟಿ ಬೇರೆ. ಕ್ವಿಬೆಕ್ ತಂಡ 1995ರಲ್ಲಿ, ವಿನಿಪೆಗ್ 1996ರಲ್ಲಿ ಅಮೆರಿಕಕ್ಕೆ ಹೋದವು. ಎಡ್ಮಂಟನ್ ತಂಡವೂ 1998ರಲ್ಲಿ ಹ್ಯೂಸ್ಟನ್ ಪಾಲಾಗುವುದರಲ್ಲಿತ್ತು. ಮೂವತ್ತಕ್ಕೂ ಹೆಚ್ಚು ಸ್ಥಳೀಯ ಹೂಡಿಕೆದಾರರು ಒಟ್ಟುಗೂಡಿ ಕೊಂಡರು, ತಂಡ ಉಳಿಯಿತು. 2008ರಲ್ಲಿ ಅವರಿಂದ ಡ್ಯಾರಿಲ್ ಕಾಟ್ಜ್ ಖರೀದಿಸಿದರು. 2016ರಲ್ಲಿ ಹೊಸ ಕ್ರೀಡಾಂಗಣ ರೋಜರ್ಸ್ ಪ್ಲೇಸ್ ತೆರೆಯಿತು.

ಹಾಸಿಗೆ ಇದ್ದಷ್ಟೇ ಕಾಲು

2004–05ರ ಸೀಸನ್ ಮಾಲೀಕ–ಆಟಗಾರರ ಜಗಳದಲ್ಲಿ ಪೂರ್ತಿ ರದ್ದಾಯಿತು. ಅದರಿಂದ ಹೊರಬಂದದ್ದು ಸ್ಯಾಲರಿ ಕ್ಯಾಪ್: ಒಂದು ತಂಡ ಒಟ್ಟು ಇಷ್ಟೇ ಸಂಬಳ ಕೊಡಬಹುದು ಎಂಬ ಮಿತಿ. ಐಪಿಎಲ್ ಹರಾಜಿನ ಪರ್ಸ್ ಇದ್ದ ಹಾಗೆ ಅಂದುಕೊಳ್ಳಿ. ಆದರೆ ಇಲ್ಲಿ ಹರಾಜಿಲ್ಲ, ಬಹುವರ್ಷದ ಕರಾರುಗಳಿರುತ್ತವೆ. ಕರಾರಿನ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿ ಬಂದ ಸರಾಸರಿ ಪ್ರತಿ ವರ್ಷ ಮಿತಿಯೊಳಗೆ ಜಾಗ ಹಿಡಿಯುತ್ತದೆ. ಮೊದಲ ವರ್ಷ ಮಿತಿ 3.9 ಕೋಟಿ ಡಾಲರ್ ಇತ್ತು, 2025–26ಕ್ಕೆ 9.55 ಕೋಟಿ.

ಕ್ಯಾಪ್ ಬಂದ ಕೂಡಲೇ ಎಡ್ಮಂಟನ್‌ಗೆ ಲಾಭವೇ ಆಯಿತು. ಸಿರಿವಂತ ತಂಡಗಳ ಕೈ ಕಟ್ಟಿತು, ಕ್ರಿಸ್ ಪ್ರಾಂಗರ್‌ರಂಥ ಡಿಫೆಂಡರ್ ಎಡ್ಮಂಟನ್‌ಗೆ ಬಂದರು. 2006ರಲ್ಲಿ ತಮ್ಮ ವಿಭಾಗದ ಎಂಟನೇ, ಕೊನೆಯ ಸ್ಥಾನದಿಂದ ಪ್ಲೇಆಫ್‌ಗೆ ಬಂದ ತಂಡ ಫೈನಲ್‌ವರೆಗೆ ನುಗ್ಗಿತು. ಮೊದಲ ಪಂದ್ಯದಲ್ಲೇ ಗೋಲ್‌ಕೀಪರ್ ಡ್ವೇನ್ ರೋಲೊಸನ್ ಗಾಯಗೊಂಡರು. ಕೆರೊಲೈನಾ ಎದುರು ಏಳನೇ ಪಂದ್ಯದಲ್ಲಿ ಸೋಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೇ ಬೇಸಿಗೆಯಲ್ಲಿ ಪ್ರಾಂಗರ್ ಹೊರಟರು, ಮುಂದಿನ ಹತ್ತು ಸೀಸನ್ ತಂಡ ಪ್ಲೇಆಫ್ ಮುಖವನ್ನೇ ನೋಡಲಿಲ್ಲ.

ಆ ಹತ್ತು ವರ್ಷದ ತಪ್ಪುಗಳನ್ನು ತಂಡ ಕಟ್ಟುವ ಎಲ್ಲರೂ ಓದಬೇಕು. 2010ರಲ್ಲಿ ಟೇಲರ್ ಹಾಲ್, 2011ರಲ್ಲಿ ರಯಾನ್ ನ್ಯೂಜೆಂಟ್–ಹಾಪ್ಕಿನ್ಸ್, 2012ರಲ್ಲಿ ನೈಲ್ ಯಾಕುಪೊವ್. ಸತತ ಮೂರು ವರ್ಷ ಡ್ರಾಫ್ಟಿನ ಮೊದಲ ಆಯ್ಕೆ, ಮೂವರೂ ಫಾರ್ವರ್ಡ್‌ಗಳು. ಹಿಂದೆ ನಿಂತು ಪಕ್ ತಡೆಯುವ, ತಡೆದದ್ದನ್ನು ಮುಂದಕ್ಕೆ ಸಾಗಿಸುವ ಡಿಫೆಂಡರ್‌ಗಳು ಇರಲಿಲ್ಲ. ಎಳೆಯರಿಗೆ ದಾರಿ ತೋರುವ ಹಿರಿಯರಿರಲಿಲ್ಲ. ಕೋಚ್‌ಗಳು ಬಂದಷ್ಟೇ ಬೇಗ ಹೋದರು. 2015ರಲ್ಲಿ ಡಿಫೆಂಡರ್ ಗ್ರಿಫಿನ್ ರೈನ್‌ಹಾರ್ಟ್‌ಗಾಗಿ 16 ಮತ್ತು 33ನೇ ಆಯ್ಕೆಗಳನ್ನು ಐಲ್ಯಾಂಡರ್ಸ್‌ಗೆ ಕೊಟ್ಟರು. ಆ 16ರಲ್ಲಿ ಐಲ್ಯಾಂಡರ್ಸ್ ಆರಿಸಿದ್ದು ಮ್ಯಾಥ್ಯೂ ಬರ್ಜಾಲ್ ಅವರನ್ನು. 2016ರಲ್ಲಿ ಹಾಲ್‌ರನ್ನು ನ್ಯೂಜೆರ್ಸಿಗೆ ಕೊಟ್ಟು ಡಿಫೆಂಡರ್ ಆ್ಯಡಂ ಲಾರ್ಸನ್‌ರನ್ನು ತಂದರು; ಎರಡೇ ವರ್ಷದಲ್ಲಿ ಹಾಲ್ ಲೀಗಿನ ಶ್ರೇಷ್ಠ ಆಟಗಾರರಾದರು. ಡಿಫೆಂಡರ್‌ಗಳನ್ನು ಸಕಾಲದಲ್ಲಿ ಬೆಳೆಸದವರು ಕೊನೆಗೆ ಎರಡರಷ್ಟು ತೆತ್ತು ಕೊಳ್ಳಬೇಕಾಗುತ್ತದೆ.

ಆದರೂ 2015ರಲ್ಲಿ ಅದೃಷ್ಟ ಖುಲಾಯಿಸಿತು. ಮೊದಲ ಆಯ್ಕೆ ಯಾರಿಗೆಂದು ಈಗ ಲಾಟರಿ ಎತ್ತುತ್ತಾರೆ. ಬಫಲೊಗೆ ಶೇ 20, ಅರಿಜೋನಾಗೆ ಶೇ 13.5, ಎಡ್ಮಂಟನ್‌ಗೆ ಶೇ 11.5 ಸಾಧ್ಯತೆ. ಗೆದ್ದದ್ದು ಎಡ್ಮಂಟನ್, ಸಿಕ್ಕಿದ್ದು ಮೆಕ್‌ಡೇವಿಡ್. ಹಿಂದಿನ ವರ್ಷ ಮೂರನೇ ಆಯ್ಕೆಯಾಗಿ ಜರ್ಮನಿಯ ಲಿಯಾನ್ ಡ್ರೈಸೈಟಲ್ ಬಂದಿದ್ದರು. 19ಕ್ಕೇ ನಾಯಕರಾದ ಮೆಕ್‌ಡೇವಿಡ್ 2022–23ರಲ್ಲಿ 153 ಪಾಯಿಂಟ್ ಗಳಿಸಿದರು. ಎದುರಾಳಿ ಶಿಕ್ಷೆಯಲ್ಲಿ ಒಬ್ಬರು ಕಡಿಮೆ ಇದ್ದಾಗಿನ ಪವರ್ ಪ್ಲೇನಲ್ಲಿ ಆ ವರ್ಷ ತಂಡದ ಯಶಸ್ಸು ಶೇ 32.4, ಲೀಗಿನ ಸಾರ್ವಕಾಲಿಕ ದಾಖಲೆ. ಮೆಕ್‌ಡೇವಿಡ್ ಬಂದ ಮೊದಲ ವರ್ಷಗಳಲ್ಲಿ ಪಂಜಾಬಿ ಮೂಲದ ಜುಝಾರ್ ಖೈರಾ ಕೂಡ ಆಯಿಲರ್ಸ್ ಜೆರ್ಸಿ ತೊಟ್ಟರು. ಎನ್‌ಎಚ್‌ಎಲ್‌ನಲ್ಲಿ ಭಾರತೀಯ ಮೂಲದವರು ಬೆರಳೆಣಿಕೆಯಷ್ಟೇ ಇರುವುದರಿಂದ ಈ ಹೆಸರು ನಮಗೆ ನೆನಪಿರಬೇಕು.

38 ನಿಮಿಷದ ಪ್ರಶ್ನೆ

ಈಗ ಲೆಕ್ಕಕ್ಕೆ ಬರೋಣ. 2025–26ರಲ್ಲಿ ಡ್ರೈಸೈಟಲ್ 1.4 ಕೋಟಿ ಡಾಲರ್, ಮೆಕ್‌ಡೇವಿಡ್ 1.25 ಕೋಟಿ, ಡಿಫೆಂಡರ್‌ಗಳಾದ ಇವಾನ್ ಬುಶಾರ್ಡ್ 1.05 ಕೋಟಿ, ಡಾರ್ನೆಲ್ ನರ್ಸ್ 92.5 ಲಕ್ಷ. ನಾಲ್ವರಿಗೇ 4.625 ಕೋಟಿ, ಮಿತಿಯ ಶೇ 48. ಪಟ್ಟಿಯಲ್ಲಿ 23 ಮಂದಿ ಇರಬಹುದು; ಉಳಿದ 19 ಮಂದಿಗೆ ಸರಾಸರಿ 26 ಲಕ್ಷ. ಆ 38 ನಿಮಿಷ ಆಡುವವರು ಇವರು. 1985ರ ಆಯಿಲರ್ಸ್‌ನಲ್ಲಿ ಗ್ರೆಟ್ಸ್ಕಿ ಕೂತಾಗ ಮೆಸ್ಸಿಯೆ ಏಳುತ್ತಿದ್ದರು, ಅವರ ಪಕ್ಕ ಆ್ಯಂಡರ್ಸನ್, ಹಿಂದೆ ಕಾಫಿ. ಇಂದಿನ ನಿಯಮದಲ್ಲಿ ಆ ತಂಡವನ್ನು ಒಟ್ಟಿಗೆ ಇಡಲು ಸಾಧ್ಯವೇ ಇಲ್ಲ.

ಮಿತಿಯ ಅಂಚಿನಲ್ಲಿರುವ ತಂಡವನ್ನು ಬೇರೆಯವರು ಹೇಗೆ ಹಿಂಡುತ್ತಾರೆ ಎಂಬುದಕ್ಕೆ 2024ರ ಆಗಸ್ಟ್ ಉದಾಹರಣೆ. ಫಿಲಿಪ್ ಬ್ರೊಬರ್ಗ್, ಡಿಲನ್ ಹಾಲೊವೆ ಇಬ್ಬರೂ ಎಡ್ಮಂಟನ್ ತಾನೇ ಆರಿಸಿ ಬೆಳೆಸಿದ ಹುಡುಗರು, ಕರಾರು ಮುಗಿದಿತ್ತು. ಸೇಂಟ್ ಲೂಯಿಸ್ ಬ್ಲೂಸ್ ಇಬ್ಬರಿಗೂ ಒಟ್ಟಿಗೆ ‘ಆಫರ್ ಶೀಟ್’ ಕೊಟ್ಟಿತು: ಬ್ರೊಬರ್ಗ್‌ಗೆ ವರ್ಷಕ್ಕೆ ಸುಮಾರು 45.8 ಲಕ್ಷ, ಹಾಲೊವೆಗೆ 22.9 ಲಕ್ಷ. ಹಳೆಯ ತಂಡ ಏಳು ದಿನದಲ್ಲಿ ಅಷ್ಟೇ ಕೊಡುತ್ತೇನೆ ಎನ್ನಬೇಕು, ಇಲ್ಲವೇ ಬಿಡಬೇಕು. ಎಡ್ಮಂಟನ್ ಬಿಟ್ಟಿತು. ಪರಿಹಾರವಾಗಿ ಒಂದು ಎರಡನೇ ಸುತ್ತಿನ, ಒಂದು ಮೂರನೇ ಸುತ್ತಿನ ಡ್ರಾಫ್ಟ್ ಆಯ್ಕೆ. ಕಡಿಮೆ ಸಂಬಳದ, ಏರುವ ವಯಸ್ಸಿನ ಇಬ್ಬರು ಹೀಗೆ ಹೋದರು. ದುಬಾರಿ ತಾರೆಗಳಿರುವ ತಂಡಕ್ಕೆ ಅತಿ ಹೆಚ್ಚು ಬೇಕಾದವರು ಅಂಥವರೇ.

ಗೋಲ್‌ಕೀಪರ್ ವಿಷಯ ಇನ್ನೂ ನೋವಿನದು. 2022ರಲ್ಲಿ ಜ್ಯಾಕ್ ಕ್ಯಾಂಬೆಲ್‌ಗೆ ಐದು ವರ್ಷ, ವರ್ಷಕ್ಕೆ 50 ಲಕ್ಷದ ಕರಾರು ಮಾಡಿದರು. ಆಟ ಕೈಕೊಟ್ಟಿತು. 2024ರಲ್ಲಿ ಕರಾರು ಕೊಂಡು ಕೈಬಿಟ್ಟರು. ಇದಕ್ಕೆ ಬೈಔಟ್ ಎನ್ನುತ್ತಾರೆ: ಬಾಕಿ ಸಂಬಳದ ಮೂರನೇ ಎರಡು ಭಾಗವನ್ನು ಬಾಕಿ ವರ್ಷಗಳ ಎರಡರಷ್ಟು ಕಾಲ ಹಂಚಿ ಕೊಡಬೇಕು. ಮೂರು ವರ್ಷ ಬಾಕಿ ಇತ್ತು, ಹಾಗಾಗಿ 2029–30ರವರೆಗೆ ಆರು ವರ್ಷ, ತಂಡದಲ್ಲಿಲ್ಲದ ಆಟಗಾರನ ಹೆಸರು ಮಿತಿಯೊಳಗೆ ಜಾಗ ತಿನ್ನುತ್ತದೆ.

ಗೋಲ್‌ಕೀಪರ್ ಎಷ್ಟು ವ್ಯತ್ಯಾಸ ಮಾಡಬಲ್ಲ? ನೂರಕ್ಕೆ 92 ಹೊಡೆತ ತಡೆಯುವವರಿಗೂ 90 ತಡೆಯುವವರಿಗೂ ನಡುವೆ, ಪಂದ್ಯಕ್ಕೆ 30 ಹೊಡೆತದ ಲೆಕ್ಕದಲ್ಲಿ, 0.6 ಗೋಲು. ಏಳು ಪಂದ್ಯಗಳ ಸರಣಿಯಲ್ಲಿ ನಾಲ್ಕು ಗೋಲು. 2024ರ ಫೈನಲ್‌ನ ಏಳನೇ ಪಂದ್ಯ ನಿರ್ಧಾರವಾದದ್ದು ಒಂದೇ ಗೋಲಿನಲ್ಲಿ.

ಆ ಫೈನಲ್‌ನಲ್ಲಿ ಫ್ಲೋರಿಡಾ ಪ್ಯಾಂಥರ್ಸ್ 3–0 ಮುಂದಿತ್ತು. ಆಯಿಲರ್ಸ್ 8–1, 5–3, 5–1ರಲ್ಲಿ ಮೂರು ಪಂದ್ಯ ಗೆದ್ದು ಸಮ ಮಾಡಿತು. ಜೂನ್ 24ರಂದು ಏಳನೆಯದನ್ನು 2–1ರಲ್ಲಿ ಸೋತಿತು. ಆ ಪ್ಲೇಆಫ್‌ನಲ್ಲಿ ಮೆಕ್‌ಡೇವಿಡ್ 42 ಪಾಯಿಂಟ್ ಗಳಿಸಿದ್ದರು. 34 ಅಸಿಸ್ಟ್‌ಗಳಿಂದ 1988ರ ಗ್ರೆಟ್ಸ್ಕಿ ದಾಖಲೆಯನ್ನು ಮುರಿದಿದ್ದರು. ಸೋತ ತಂಡದವರಿಗೆ ಅಪರೂಪವಾಗಿ ಸಿಗುವ ಕಾನ್ ಸ್ಮೈತ್ ಅವರಿಗೇ ಸಿಕ್ಕಿತು. ಸ್ವೀಕರಿಸಲು ಅವರು ಮಂಜಿನ ಮೇಲೆ ಬರಲಿಲ್ಲ.

2025ರಲ್ಲಿ ಮತ್ತೆ ಫ್ಲೋರಿಡಾ. ಡ್ರೈಸೈಟಲ್ ಆ ಪ್ಲೇಆಫ್‌ನ ಹೆಚ್ಚುವರಿ ಅವಧಿಗಳಲ್ಲಿ ನಾಲ್ಕು ಗೆಲುವಿನ ಗೋಲು ಹೊಡೆದರು, ಅದೂ ದಾಖಲೆ. ಆದರೆ ಫೈನಲ್‌ನಲ್ಲಿ ತಂಡ ಸ್ಟುವರ್ಟ್ ಸ್ಕಿನ್ನರ್‌ರಿಂದ ಕ್ಯಾಲ್ವಿನ್ ಪಿಕರ್ಡ್‌ಗೆ, ಅಲ್ಲಿಂದ ಮತ್ತೆ ಸ್ಕಿನ್ನರ್‌ಗೆ ಗೋಲ್‌ಕೀಪರ್ ಬದಲಿಸುತ್ತಲೇ ಇತ್ತು. ಎದುರು ಬಲೆಯಲ್ಲಿ ಸರಣಿಯುದ್ದಕ್ಕೂ ಒಬ್ಬರೇ, ಸೆರ್ಗೆಯ್ ಬೊಬ್ರೊವ್‌ಸ್ಕಿ. ಆರು ಪಂದ್ಯಗಳಲ್ಲಿ ಮುಗಿಯಿತು. ಫ್ಲೋರಿಡಾದ ಮೂರನೇ ಸಾಲು ಬೇರೆ ಎಷ್ಟೋ ತಂಡಗಳ ಮೊದಲ ಸಾಲಿಗೆ ಸಮನಾಗಿತ್ತು. ಎಡ್ಮಂಟನ್ ಸೋತದ್ದು ಮೆಕ್‌ಡೇವಿಡ್ ಬೆಂಚಿನಲ್ಲಿದ್ದ ಆ 38 ನಿಮಿಷದಲ್ಲಿ ಎಂದೇ ನನ್ನ ಅಭಿಪ್ರಾಯ.

2025ರ ಅಕ್ಟೋಬರಿನಲ್ಲಿ ಮೆಕ್‌ಡೇವಿಡ್ ಹೊಸ ಕರಾರಿಗೆ ಸಹಿ ಹಾಕಿದರು. ಮಾರುಕಟ್ಟೆಯಲ್ಲಿ ಅವರು ಕೇಳಿದ್ದನ್ನು ಕೊಡುವವರಿದ್ದರು. ಅವರು ಹಳೆಯ 1.25 ಕೋಟಿಯನ್ನೇ ಒಪ್ಪಿಕೊಂಡರು, ಒಂದು ಡಾಲರ್ ಏರಿಕೆ ಇಲ್ಲದೆ. ಮಿತಿಯೊಳಗೆ ಉಳಿದ ಆ ಹಣದಲ್ಲಿ ಮೂರನೇ ಸಾಲಿಗೆ, ಬಲೆಗೆ ಯಾರನ್ನಾದರೂ ತರಲಿ ಎಂಬುದು ಅದರ ಅರ್ಥ. ಅವಧಿ ಮಾತ್ರ ಎರಡೇ ವರ್ಷ, 2026–27ರಿಂದ 2027–28ರ ಸೀಸನ್ ಮುಗಿಯುವವರೆಗೆ.